ಡಾಂಬರು ನಿಂತಲ್ಲಿಂದ ಎಪ್ಪತ್ತೇಳು ಹಗ್ಗ

ಫೆಬ್ರವರಿ 4

ದೊಡ್ಡಮ್ಮ,

ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಓಲಾಡಿದರೆ ಬೈಯಬೇಡಿ. ಫೋನು ಮಾಡಿದರೆ ನಿಮಗೆ ಕೇಳಿಸುವುದಿಲ್ಲ, ಕೇಳಿಸುವ ಹಾಗೆ ಕಿರುಚಿದರೆ ಇವಳು ಎದ್ದುಬಿಡುತ್ತಾಳೆ. ಅಂಚೆಯೇ ಗತಿ.

ಇವಳಿಗೆ ಐದು ತಿಂಗಳು ತುಂಬಿತು. ನಾನು ಹುಟ್ಟಿದಾಗ ನೀವು ಹೊಲಿದು ಕಳಿಸಿದ್ದ ಬಿಳಿ ಅಂಗಿಯನ್ನು ಅಮ್ಮ ಪೆಟ್ಟಿಗೆಯಿಂದ ತೆಗೆದುಕೊಟ್ಟಳು. ಒಂದು ದಿನ ಬಿಟ್ಟು ಒಂದು ದಿನ ಅದೇ. ಅಷ್ಟು ಮೆತ್ತನೆಯ ಬಟ್ಟೆ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಬೆನ್ನಿನ ಮೇಲಿರುವ ಬೂದು ಗೀಟುಗಳು ಮಾತ್ರ ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ.

ಮುಖ್ಯ ವಿಷಯ ಬೇರೆ. ಕಳೆದ ತಿಂಗಳು ಹಾಡಹಗಲೇ ಇವಳಿಗೆ ಉಸಿರು ಕಟ್ಟಿತು. ತುಟಿ ನೀಲಿಯಾಯಿತು. ಆಂಬುಲೆನ್ಸ್ ಬಂತು, ಬಂದು ಡಾಂಬರು ಮುಗಿದಲ್ಲಿ ನಿಂತಿತು. "ಮುಂದೆ ಗದ್ದೆ ನೀರು ಹರಿದು ಬರೀ ಕೆಸರು ಅಕ್ಕಾ, ಗಾಡಿ ಇಳಿಸಿದ್ರೆ ಮೇಲೆತ್ತೋಕೆ ಇನ್ನೊಂದು ಗಾಡಿ ಬೇಕು. ನೀವೇ ಎತ್ಕೊಂಡು ಬಂದ್ಬಿಡಿ" ಎಂದು ಡ್ರೈವರು ಫೋನಿನಲ್ಲಿ ಹೇಳಿದ. ಎತ್ತಿಕೊಂಡು ಓಡಿದೆ. ಹೇಗೆ ಓಡಿದೆನೋ ಗೊತ್ತಿಲ್ಲ, ಒಂದು ಚಪ್ಪಲಿ ಇನ್ನೂ ಆ ಕೆಸರಿನಲ್ಲೇ ಇದೆ. ಆಸ್ಪತ್ರೆಯ ಡಾಕ್ಟರಮ್ಮ, "ಇನ್ನು ಹತ್ತು ನಿಮಿಷ ತಡ ಆಗಿದ್ರೆ..." ಎಂದು ಶುರುಮಾಡಿ, ನನ್ನ ಮುಖ ನೋಡಿ ಔಷಧಿ ಚೀಟಿ ಬರೆಯತೊಡಗಿದರು. ಆ ಮುಗಿಯದ ವಾಕ್ಯ ನನ್ನ ನಿದ್ದೆಯನ್ನೆಲ್ಲ ತಿಂದುಹಾಕಿದೆ.

ಡಾಂಬರು ಅಲ್ಲೇ ಏಕೆ ನಿಂತಿದೆ ಎಂಬುದು ನಿಮಗೂ ಗೊತ್ತು. ಪೂರ್ವ ಲೋಕಸಭಾ ಕ್ಷೇತ್ರ ಅಲ್ಲಿಗೆ ಮುಗಿಯುತ್ತದೆ. ನಮ್ಮೂರು ನದಿಯ ಪೂರ್ವ ದಡದಲ್ಲಿದ್ದರೂ ಪಶ್ಚಿಮ ಕ್ಷೇತ್ರಕ್ಕೆ ಸೇರಿದೆ. ಪೂರ್ವದ ಸಂಸದರ ಕಚೇರಿಗೆ ಹೋದರೆ "ನೀವು ಆಚೆಯವರು" ಅನ್ನುತ್ತಾರೆ. ಪಶ್ಚಿಮದವರ ಕಚೇರಿಗೆ ದೋಣಿಯಲ್ಲಿ ಹೋದರೆ ಅಲ್ಲೂ "ನೀವು ಆಚೆಯವರು" ಅನ್ನುತ್ತಾರೆ. ಮತಗಟ್ಟೆ ಹೊಳೆಯಾಚೆ, ದೋಣಿಗೆ ಒಂದು ಸಲಕ್ಕೆ ಎಂಟು ಜನ. ಇನ್ನೂರ ಹನ್ನೊಂದು ಮತ. ಎರಡೂ ಕಡೆಯವರಿಗೆ ಅಷ್ಟು ಮತ ಬಂದರೂ ಒಂದೇ, ಬಿಟ್ಟರೂ ಒಂದೇ.

ಈಗ ಹೊಸದಾಗಿ ಗಡಿ ಬರೆಯುತ್ತಿದ್ದಾರೆ. ಕರಡು ಪ್ರಕಟವಾಗಿದೆ. ನಮ್ಮ ಕಡೆಗೆ ಬಂದಾಗ "ಇರುವಂತೆಯೇ" ಎಂಬ ಒಂದೇ ಮಾತು. ಆಕ್ಷೇಪಣೆ ಸಲ್ಲಿಸಲು ಇಪ್ಪತ್ತೈದನೇ ತಾರೀಖು ಕಡೆಯ ದಿನ. ನಾನು ಸಲ್ಲಿಸುತ್ತೇನೆ. ನೀವು ಮೂವತ್ತು ವರ್ಷ ನಕ್ಷೆ ಕಚೇರಿಯಲ್ಲಿ ನಕಲು ತೆಗೆದವರು. ಈ ಕ್ಷೇತ್ರದ ಗಡಿ ಯಾವಾಗ ಎಲ್ಲಿತ್ತು, ನಮ್ಮನ್ನು ಹೊಳೆಯಾಚೆಗೆ ಎಸೆದವರು ಯಾರು, ಏಕೆ, ಬರೆದು ತಿಳಿಸಿ.

ಅಮ್ಮ ಕೇಳಿದಳೆಂದು ಹೇಳಲು ಹೇಳಿದ್ದಾಳೆ.

ನಿಮ್ಮ ಪುಟ್ಟಿ

*

ಫೆಬ್ರವರಿ 9

ಪುಟ್ಟೀ,

ಮಗುವಿಗೆ ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರುವವರೆಗೆ ಬೆನ್ನು ತಟ್ಟು. ಒಲೆಯ ಹೊಗೆಯ ಹತ್ತಿರ ಮಲಗಿಸಬೇಡ. ನೀನು ಹಗಲಾದರೂ ಒಂದು ಗಂಟೆ ಕಣ್ಣು ಮುಚ್ಚು. ಮಗುವನ್ನು ನಿಮ್ಮಮ್ಮ ನೋಡಿಕೊಳ್ಳುತ್ತಾಳೆ, ಅವಳು ನಿನ್ನನ್ನೂ ಬೆಳೆಸಿದ್ದಾಳೆ.

ಕ್ಷೇತ್ರದ ವಿಷಯ ಕೇಳಿದ್ದೀಯ. ಮೊದಲ ಗಡಿ ಬರೆದಾಗ ನಾನೂ ನಿಮ್ಮಮ್ಮನೂ ಲಂಗ ತೊಡುತ್ತಿದ್ದ ಹುಡುಗಿಯರು. ಪಶ್ಚಿಮಕ್ಕೆ ನದಿ, ಪೂರ್ವಕ್ಕೆ ಗುಡ್ಡಸಾಲು, ನಡುವೆ ಇದ್ದದ್ದೆಲ್ಲ ಒಂದೇ ಕ್ಷೇತ್ರ, ಹಾಸಿದ ಕಂಬಳಿಯ ಹಾಗೆ. ಜೀಪಿನಲ್ಲಿ ಮತ ಕೇಳಲು ಹೊರಟವನೊಬ್ಬ ಗುಡ್ಡದ ಹತ್ತಿರ ದಾರಿ ತಪ್ಪಿ ಪಕ್ಕದ ಕ್ಷೇತ್ರದಲ್ಲಿ ಎರಡು ದಿನ ಭಾಷಣ ಮಾಡಿ ಬಂದಿದ್ದ. ಅಲ್ಲಿಯವರು ಚಪ್ಪಾಳೆಯನ್ನೂ ತಟ್ಟಿದ್ದರಂತೆ.

ಎರಡನೆಯ ಸಲ ತಲೆ ಎಣಿಸಿದರು. ಎಲ್ಲ ಕ್ಷೇತ್ರಗಳಲ್ಲೂ ಹತ್ತಿರ ಹತ್ತಿರ ಒಂದೇ ಲೆಕ್ಕದ ತಲೆಗಳಿರಬೇಕೆಂದು ಗುಡ್ಡದ ಊರುಗಳನ್ನು ಕಿತ್ತು ಉತ್ತರಕ್ಕೆ ಕೊಟ್ಟರು, ದಕ್ಷಿಣದ ಗಣಿ ಕಾಲೊನಿಯನ್ನು ತಂದು ನಮಗೆ ಅಂಟಿಸಿದರು. ಕಂಬಳಿ ಹೋಗಿ ಅಂಗಿಯ ತೋಳು ಉಳಿದ ಹಾಗಾಯಿತು, ಉದ್ದ, ಸಪೂರ. ಗಣಿಯವರು ನಮ್ಮನ್ನು "ಹುಲ್ಲಿನವರು" ಅನ್ನುತ್ತಿದ್ದರು, ನಾವು ಅವರನ್ನು "ಮಸಿಯವರು". ಆದರೂ ನದಿಯ ಗಡಿ ಮಾತ್ರ ಕದಲಲಿಲ್ಲ.

ಮೂರನೆಯದು ನೀನು ಹುಟ್ಟುವ ಹಿಂದಿನ ವರ್ಷ. ಅದರ ಬಗ್ಗೆ ಹೇಳುವಂಥದ್ದು ನನ್ನಲ್ಲಿ ಏನೂ ಇಲ್ಲ. ಕಚೇರಿಯಲ್ಲಿ ನೂರಾರು ನಕ್ಷೆ ಬರುತ್ತಿದ್ದವು, ಹೋಗುತ್ತಿದ್ದವು.

ಆ ಬಿಳಿ ಅಂಗಿಗೆ ಇನ್ನು ಸೋಪು ಹಾಕಬೇಡ. ತಿಕ್ಕಬೇಡ. ಅಂಚಿನ ಹೊಲಿಗೆ ಸಡಿಲವಾಗಿದ್ದರೂ ಬಿಚ್ಚಬೇಡ.

ದೊಡ್ಡಮ್ಮ

*

ಫೆಬ್ರವರಿ 13

ದೊಡ್ಡಮ್ಮ,

ಊರಿಗೆ ಊರೇ ಹೊಳೆಯಾಚೆ ಹೋದ ಕಥೆ ಕೇಳಿದರೆ ನೀವು ಅಂಗಿ ಒಗೆಯುವ ಕ್ರಮ ಬರೆದು ಕಳಿಸಿದ್ದೀರಿ. ಅಂಗಿ ಹರಿದರೆ ಹೊಸದು ಹೊಲಿಯುತ್ತೇನೆ, ಬಿಡಿ.

ನಿನ್ನೆ ಮಗುವನ್ನು ಎತ್ತಿಕೊಂಡು ಜಿಲ್ಲಾ ಚುನಾವಣಾ ಕಚೇರಿಗೆ ಹೋಗಿದ್ದೆ. ಎರಡು ಬಸ್ಸು ಬದಲಾಯಿಸಿದೆ. ಒಳಗೆ ಒಬ್ಬ ಗುಮಾಸ್ತ, ಮೂಗಿನ ತುದಿಗೆ ಕನ್ನಡಕ.

"ಏನಮ್ಮಾ, ಕೂಸನ್ನ ಕಟ್ಕೊಂಡು ಲೋಕಸಭೆ ಗಡಿ ಸರಿಮಾಡೋಕೆ ಬಂದ್ಯಾ?"

"ಹೌದು ಸಾರ್. ನೀವು ಮಾಡಿದ್ದಿದ್ರೆ ನಾನ್ಯಾಕೆ ಬರ್ತಿದ್ದೆ?"

ಪಕ್ಕದ ಮೇಜಿನಲ್ಲಿದ್ದ ಹೆಂಗಸು ಕೆಮ್ಮಿದ ಹಾಗೆ ಮಾಡಿ ನಕ್ಕರು. ಗುಮಾಸ್ತ ಕಡತ ತೆಗೆದ. ದೊಡ್ಡಮ್ಮ, ಇಪ್ಪತ್ತೊಂಬತ್ತು ವರ್ಷದ ಹಿಂದಿನ ಆದೇಶದಲ್ಲಿ "ಪಶ್ಚಿಮಕ್ಕೆ ನದಿಯೇ ಗಡಿ" ಎಂದು ಸ್ಪಷ್ಟವಾಗಿ ಬರೆದಿದೆ. ಬೆರಳಿಟ್ಟು ಮೂರು ಸಲ ಓದಿದೆ. ಹಾಗಾದರೆ ನಾವು ಪೂರ್ವಕ್ಕೇ ಸೇರಬೇಕಲ್ಲ ಎಂದೆ. "ಮಾತಿಗಿಂತ ನಕ್ಷೆ ದೊಡ್ಡದಮ್ಮ" ಎಂದು ನಕ್ಷೆ ಬಿಚ್ಚಿದ. ಅದರಲ್ಲಿ ನದಿ ಬಾಗುತ್ತಾ ಬಳುಕುತ್ತಾ ಬರುತ್ತದೆ, ನಮ್ಮೂರ ಹತ್ತಿರ ಬಂದಾಗ ಮಾತ್ರ ಅಡಿಕೋಲು ಇಟ್ಟ ಹಾಗೆ ನೆಟ್ಟಗೆ ಇಳಿಯುತ್ತದೆ. ನಮ್ಮ ತಿರುವೇ ಇಲ್ಲ! ಆ ನೆಟ್ಟಗಿನ ಗೆರೆಯ ಪಶ್ಚಿಮಕ್ಕೆ ಖಾಲಿ ಜಾಗ. ಆ ಖಾಲಿ ಜಾಗ ನಾವು.

"ಆಗ ನದಿ ಹಾಗೇ ಹರೀತಿತ್ತೇನೋ. ಆಮೇಲೆ ತಿರುಗಿರ್ಬೇಕು" ಎಂದ.

"ನಮ್ಮಜ್ಜಿ ಕಾಲದಿಂದ ಅಲ್ಲೇ ತಿರುಗುತ್ತೆ ಸಾರ್."

"ಅಜ್ಜಿ ದಾಖಲೆ ಅಲ್ಲಮ್ಮ. ಕಾಗದ ತಾ."

ಅಷ್ಟರಲ್ಲಿ ಮಗು ನಕ್ಷೆಯ ಮೂಲೆ ಹಿಡಿದೆಳೆಯಿತು. ಬಿಡಿಸಲು ಬಗ್ಗಿದವಳು ಅಲ್ಲೇ ನಿಂತುಬಿಟ್ಟೆ. ಮೂಲೆಯಲ್ಲಿ ಸಣ್ಣ ಅಕ್ಷರಗಳು. ಪ್ರತಿ ಅಕ್ಷರದ ತಲೆಕಟ್ಟೂ ಒಂದೇ ಎತ್ತರ, ಪ್ರತಿ ಬಾಲವೂ ಒಂದೇ ಸುತ್ತು. ಆ ಕೈಯನ್ನು ನಾನು ಐದು ವರ್ಷದವಳಿದ್ದಾಗಿನಿಂದ ಲಕೋಟೆಗಳ ಮೇಲೆ ನೋಡಿದ್ದೇನೆ.

ಆ ನಕ್ಷೆ ಬರೆದವರು ನೀವು. "ಹೇಳುವಂಥದ್ದು ಏನೂ ಇಲ್ಲ" ಎಂದು ಬರೆದವರೂ ನೀವೇ.

ಯಾವ ಮಂತ್ರಿಗೆ ಯಾವ ಊರು ಬೇಡವಾಗಿತ್ತು? ಯಾರು ಹೇಳಿ ಆ ನೆಟ್ಟಗಿನ ಗೆರೆ ಎಳೆಸಿದರು? ಹೇಳಿದವರ ಹೆಸರನ್ನು ಈಗಲಾದರೂ ಬಾಯಿ ಬಿಡಿ. ನಿಮ್ಮ ಪಿಂಚಣಿಯನ್ನು ಯಾರೂ ಕಿತ್ತುಕೊಳ್ಳುವುದಿಲ್ಲ.

ಪುಟ್ಟಿ

*

ಫೆಬ್ರವರಿ 16

ಪುಟ್ಟೀ,

ಯಾವ ಮಂತ್ರಿಯ ಮಾತಿಗೂ ನಾನು ಒಂದು ಕೂದಲೆಳೆಯಷ್ಟು ಗೆರೆ ಎಳೆದವಳಲ್ಲ. ಇದನ್ನು ನೀನು ನಂಬಬೇಕು. ನಂಬದಿದ್ದರೆ ನನಗೆ ಇನ್ನು ಪತ್ರ ಬರೆಯಬೇಡ.

ನಿನಗೆ ನಿದ್ದೆ ಇಲ್ಲ. ನಿದ್ದೆಗೆಟ್ಟವರಿಗೆ ಎಲ್ಲದರಲ್ಲೂ ಕಳ್ಳರು ಕಾಣುತ್ತಾರೆ. ಮೊದಲು ಆರೋಗ್ಯ ನೋಡಿಕೋ.

ಅಂಗಿಯ ವಿಷಯ ಮರೆಯಬೇಡ.

ದೊಡ್ಡಮ್ಮ

*

ಫೆಬ್ರವರಿ 19

ದೊಡ್ಡಮ್ಮ,

ಬರೆಯಬೇಡ ಎಂದಿರಿ, ಬರೆಯುತ್ತಿದ್ದೇನೆ.

ನಿದ್ದೆ ಇಲ್ಲ, ನಿಜ. ಇವಳ ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತಾ ಕೂರುತ್ತೇನೆ, ಅದೂ ನಿಜ. ಆದರೆ ಡಾಂಬರು ನಿಂತದ್ದು ನನ್ನ ನಿದ್ದೆಗೆಟ್ಟ ಕಣ್ಣಿಗೆ ಕಂಡ ಭ್ರಮೆಯಲ್ಲ. ಅಳೆದಿದ್ದೇನೆ. ಮೊನ್ನೆ ಭಾನುವಾರ ಅಮ್ಮನ ಬಾವಿಹಗ್ಗ ತೆಗೆದುಕೊಂಡು, ಮೂವತ್ತು ಮೀಟರಿಗೆ ಗಂಟು ಹಾಕಿ, ಡಾಂಬರಿನ ಅಂಚಿನಿಂದ ನಮ್ಮ ಮೊದಲ ಮನೆಯ ಮೆಟ್ಟಿಲವರೆಗೆ ಅಳೆದೆವು. ಎಪ್ಪತ್ತೇಳು ಹಗ್ಗ, ಮೇಲೆ ಏಳು ಮೀಟರು. ಎರಡು ಸಾವಿರದ ಮುನ್ನೂರ ಹದಿನೇಳು.

ಮೇಷ್ಟ್ರು (ನಮ್ಮನೆಯವರನ್ನು ಊರವರ ಹಾಗೆ ನಾನೂ ಹೀಗೇ ಕರೆಯುವುದು) ಸರ್ಕಾರಿ ಶಾಲೆಯವರಾದ್ದರಿಂದ ಆಕ್ಷೇಪಣೆಗೆ ಸಹಿ ಹಾಕುವಂತಿಲ್ಲ. "ಹಗ್ಗದ ಇನ್ನೊಂದು ತುದಿ ಹಿಡೀಬಾರ್ದು ಅಂತ ಯಾವ ಸುತ್ತೋಲೆಯಲ್ಲೂ ಇಲ್ಲ" ಎಂದು ಅಷ್ಟು ದೂರವೂ ಹಿಡಿದುಕೊಂಡು ಬಂದರು. ಹಿಂದೆ ಹದಿನೈದು ಹೆಂಗಸರು ಎಣಿಸುತ್ತಾ ಬಂದರು. ನಲವತ್ತೊಂದನೇ ಹಗ್ಗದ ಹತ್ತಿರ ನನ್ನ ಚಪ್ಪಲಿ ಸಿಕ್ಕಿತು. ದೋಣಿಯಣ್ಣ, "ಅದನ್ನ ತೊಳೀಬೇಡ ತಂಗಿ, ಸಾಕ್ಷಿಗೆ ಇಟ್ಕೋ" ಎಂದು ನಗಿಸಿದ.

ನೂರ ಎಪ್ಪತ್ತು ಸಹಿ ಆಗಿದೆ. ಮಾರ್ಚ್ 8ಕ್ಕೆ ಜಿಲ್ಲಾ ಸಭಾಂಗಣದಲ್ಲಿ ವಿಚಾರಣೆ. ಕಾಗದ ಇಲ್ಲದಿದ್ದರೂ ಹೋಗುತ್ತೇನೆ. ನಿಮ್ಮ ಕೈಬರಹ ನನಗೆ ಗೊತ್ತು ಎಂದು ಅಲ್ಲಿ ಹೇಳಬೇಕಾಗುತ್ತದೆ. ಹೇಳುತ್ತೇನೆ.

ಪುಟ್ಟಿ

*

ಫೆಬ್ರವರಿ 26

ದೊಡ್ಡಮ್ಮ,

ನಿನ್ನೆ ಆಕ್ಷೇಪಣೆ ಕೊಟ್ಟು ಬಂದೆ. ಸ್ವೀಕೃತಿ ಸಂಖ್ಯೆ 34.

ನಿಮ್ಮಿಂದ ಪತ್ರವಿಲ್ಲ. ಪಕ್ಕದ ಮನೆಯವರಿಗೆ ಫೋನು ಮಾಡಿ ವಿಚಾರಿಸಿದೆ, ಚೆನ್ನಾಗಿದ್ದೀರಂತೆ, ಬಾಗಿಲ ಹತ್ತಿರ ಕೂತು ಏನೋ ಬರೆಯುತ್ತೀರಂತೆ, ಹರಿಯುತ್ತೀರಂತೆ. "ಅಕ್ಕ ಯಾಕೆ ಬರೆದಿಲ್ಲ?" ಎಂದು ಅಮ್ಮ ದಿನಾ ಕೇಳುತ್ತಾಳೆ. ಅವಳಿಗೆ ನಕ್ಷೆಯ ಮೂಲೆಯ ವಿಷಯ ಹೇಳಿಲ್ಲ. ಹೇಳಿಬಿಡುವ ಮೊದಲು ನೀವೇ ಹೇಳಿ.

ಪುಟ್ಟಿ

*

ಫೆಬ್ರವರಿ 28

ಪುಟ್ಟೀ,

ಹರಿದು ಹಾಕಿದ್ದು ನಾಲ್ಕು. ಇದು ಐದನೆಯದು.

ಆ ಕೋಣೆಯಲ್ಲಿ ಹನ್ನೊಂದು ಜನ ನಕಲುಗಾರರು, ಹತ್ತು ಗಂಡಸರು, ನಾನು. ದೊಡ್ಡ ಮೇಜು, ಗಾಜಿನ ಕೆಳಗೆ ದೀಪ, ಮೇಲೆ ಮೂಲ ನಕ್ಷೆ, ಅದರ ಮೇಲೆ ಟ್ರೇಸಿಂಗ್ ಬಟ್ಟೆ. ಅದು ಕಾಗದವಲ್ಲ, ತೆಳ್ಳಗಿನ ನೂಲಿನ ಬಟ್ಟೆಗೆ ಗಟ್ಟಿ ಗಂಜಿ ಹಾಕಿ ಗಾಜಿನ ಹಾಗೆ ಮಾಡಿರುತ್ತಾರೆ. ಅದರ ಮೇಲೆ ಉಕ್ಕಿನ ಎರಡು ತುಟಿಯ ಪೆನ್ನಿನಿಂದ ಕಪ್ಪು ಶಾಯಿಯಲ್ಲಿ ಗೆರೆ ಎಳೆಯಬೇಕು. ಉಸಿರು ಬಿಗಿಹಿಡಿದು.

ಮೂರನೆಯ ಗಡಿಯ ಕೆಲಸ ನನಗೆ ಬಂತು. ಎಳೆದೆ. ನದಿಯನ್ನು ಅದರ ಪ್ರತಿ ತಿರುವಿನ ಸಮೇತ ಎಳೆದೆ. ನಮ್ಮೂರ ಹತ್ತಿರ ಹೊಳೆ ಪಶ್ಚಿಮಕ್ಕೆ ಹೊಟ್ಟೆ ಮುಂದೆ ಮಾಡುತ್ತದಲ್ಲ, ಆ ಹೊಟ್ಟೆಯೊಳಗೆ ನಮ್ಮೂರಿನ ಸಣ್ಣ ಸೊನ್ನೆ ಹಾಕುವಾಗ ನಕ್ಕಿದ್ದೆ ಕೂಡ. ಮೇಲಧಿಕಾರಿ ಪರಿಶೀಲಿಸಿ ಅಂಚಿನಲ್ಲಿ ಸಹಿ ಮಾಡಿದರು. ಆಮೇಲೆ ಶೀರ್ಷಿಕೆ ಬರೆಯುವಾಗ ಪೆನ್ನಿನಿಂದ ಒಂದು ಹನಿ ಬಿತ್ತು. ಕಲೆ ಇರುವ ನಕಲು ಮುದ್ರಣಕ್ಕೆ ಹೋಗುವುದಿಲ್ಲ. "ರದ್ದು. ಎರಡು ದಿನದಲ್ಲಿ ಇನ್ನೊಂದು ತೆಗೆ" ಎಂದರು. "ಹೆಂಗಸರ ಕೈಗೆ ಪೆನ್ನು ಕೊಟ್ರೆ ರಂಗೋಲಿಗೆ ಬಿಂದು ಇಟ್ಟು ಬರ್ತಾರೆ" ಎಂದು ಹಿಂದಿನ ಮೇಜಿನವನು ಹೇಳಿದ. ಆಗ ನನಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು.

ಅಷ್ಟರಲ್ಲಿ ಎರಡು ಮೂಲ ಹಾಳೆಗಳನ್ನು ಯಾರೋ ಜೋಡಿಸಿ, ಕೂಡಿದ ಕಡೆ ಬಟ್ಟೆಯ ಪಟ್ಟಿ ಅಂಟಿಸಿದ್ದರು. ಬೆರಳಗಲದ ಪಟ್ಟಿ. ನಮ್ಮ ತಿರುವೂ ನಮ್ಮೂರ ಸೊನ್ನೆಯೂ ಅದರ ಕೆಳಗೆ ಹೋದವು. ಪಟ್ಟಿಯ ಮೇಲ್ತುದಿಗೆ ನದಿ ಒಳಗೆ ಹೋಗುತ್ತಿತ್ತು, ಕೆಳತುದಿಗೆ ಹೊರಗೆ ಬರುತ್ತಿತ್ತು. ನಾನು ಅಡಿಕೋಲು ಇಟ್ಟು ಎರಡೂ ತುದಿ ಸೇರಿಸಿದೆ.

ಆ ತಿರುವಿನಲ್ಲಿ ನಾನು ಈಜು ಕಲಿತವಳು. ಆದರೂ ಸೇರಿಸಿದೆ. ಕಣ್ಣು ಪೆನ್ನಿನ ತುದಿಯಲ್ಲಿತ್ತು, ಮನಸ್ಸು ಬೀಳಬಾರದ ಹನಿಯಲ್ಲಿತ್ತು. ಗೆರೆ ಎಳೆಯುವವಳಿಗೆ ಗೆರೆ ಕಾಣುತ್ತದೆ, ಊರು ಕಾಣುವುದಿಲ್ಲ.

ಮುಂದಿನ ಚುನಾವಣೆಯಲ್ಲಿ ನಿಮ್ಮಮ್ಮ ಬರೆದಳು, "ಅಕ್ಕಾ, ಈ ಸಲ ಮತ ಹಾಕೋಕೆ ದೋಣಿಯಲ್ಲಿ ಹೋಗ್ಬೇಕಂತೆ, ಯಾರೋ ಪುಣ್ಯಾತ್ಮರು ನಮ್ಮನ್ನ ಆಚೆಗೆ ಹಾಕಿದ್ದಾರೆ." ಆ ದಿನವೇ ಮೇಲಧಿಕಾರಿಯ ಹತ್ತಿರ ಹೋದೆ. "ಮುದ್ರಣ ಆಗಿದೆ. ಮುಂದಿನ ಸಲ ಸರಿಮಾಡೋಣ. ಈಗ ಬಾಯಿ ಬಿಟ್ರೆ ಮೊದ್ಲು ಹೋಗೋದು ನಿನ್ನ ಕೆಲಸ" ಎಂದರು. ಬಾಯಿ ಮುಚ್ಚಿಕೊಂಡೆ. ಮುಂದಿನ ಸಲ ಬರಲು ಇಪ್ಪತ್ತೊಂಬತ್ತು ವರ್ಷ ಹಿಡಿಯಿತು, ನಾನು ಅದುವರೆಗೂ ಮುಚ್ಚಿಕೊಂಡೇ ಇದ್ದೆ. ಹೀಗಾಗಿ ಮಂತ್ರಿ ಯಾರೂ ಇಲ್ಲ ಪುಟ್ಟಿ. ಆ ಪುಣ್ಯಾತ್ಮೆ ನಾನೇ.

ಈಗ ಅಂಗಿಯ ಮಾತು. ರದ್ದಾದ ಟ್ರೇಸಿಂಗ್ ಬಟ್ಟೆಯನ್ನು ನಕಲುಗಾರರು ಮನೆಗೆ ಒಯ್ಯುವುದು ವಾಡಿಕೆ. ಬಿಸಿನೀರಿನಲ್ಲಿ ನೆನೆಸಿ ಗಂಜಿ ಬಿಡಿಸಿದರೆ ಒಳಗಿನ ಬಟ್ಟೆ ಹೂವಿನಂತೆ ಮೆತ್ತಗಾಗುತ್ತದೆ. ಎಲ್ಲರ ಮನೆಯ ಕರವಸ್ತ್ರಗಳೂ ಅದರದ್ದೇ. ನೀನು ಹುಟ್ಟಲಿದ್ದೆ. ನಾನು ಅಂಗಿ ಹೊಲಿದೆ. ಗಂಜಿಯ ಜೊತೆ ಶಾಯಿಯೂ ಹೋಗುತ್ತದೆ, ಆದರೆ ಪೂರ್ತಿ ಅಲ್ಲ. ನಿನ್ನ ಮಗಳ ಬೆನ್ನ ಮೇಲಿರುವುದು ಹೊಳೆಯ ತಿರುವು. ಕೆಳಗಿನ ಅಂಚನ್ನು ಮಾತ್ರ ನೀರಿಗೆ ಹಾಕದೆ, ಒಗೆದರೂ ನೀರು ಇಳಿಯದ ಹಾಗೆ ಮೇಣ ಸವರಿ, ಬೇಕೆಂದೇ ಎರಡು ಮಡಿಕೆ ಮಾಡಿ ಹೊಲಿದಿದ್ದೆ. ಹಾಳೆಯ ಸಂಖ್ಯೆ, ತಾರೀಖು, ಅಧಿಕಾರಿಯ ಸಹಿ, ಎಲ್ಲ ಆ ಮಡಿಕೆಯೊಳಗಿದೆ. ಆಗ ಏಕೆ ಉಳಿಸಿದೆನೋ ಹೇಳಲಾರೆ. ಬಹುಶಃ ಒಂದು ಸಲ ಸರಿಯಾಗಿಯೇ ಎಳೆದಿದ್ದೆ ಎಂದು ಎಲ್ಲಾದರೂ ಇರಲಿ ಎಂದಿರಬೇಕು.

ಮನೆಯಲ್ಲಿ ಬಿಚ್ಚಬೇಡ. ಅವರ ಕಣ್ಣೆದುರೇ ಬಿಚ್ಚು.

ನಿಮ್ಮಮ್ಮನಿಗೆ ಓದಿ ಹೇಳು. ನನಗೆ ಧೈರ್ಯವಿಲ್ಲ.

ದೊಡ್ಡಮ್ಮ

*

ಮಾರ್ಚ್ 3

ದೊಡ್ಡಮ್ಮ,

ಓದಿದೆ. ಮೊದಲು ನಿಮ್ಮ ಮೇಲೆ ಬೆಂಕಿಯಂಥ ಸಿಟ್ಟು ಬಂತು, ಅದನ್ನು ಮುಚ್ಚಿಡುವುದಿಲ್ಲ. ಇಷ್ಟು ವರ್ಷ! ಇವಳನ್ನು ಎತ್ತಿಕೊಂಡು ಓಡಿದ ಆ ಎಪ್ಪತ್ತೇಳು ಹಗ್ಗದ ದಾರಿಯನ್ನು ನಿಮ್ಮ ಅಡಿಕೋಲು ಉದ್ದ ಮಾಡಿತ್ತು. ಆಮೇಲೆ ಇವಳನ್ನು ಬೋರಲು ಮಲಗಿಸಿ ಅಂಗಿ ನೋಡಿದೆ. ದೊಡ್ಡಮ್ಮ, ನಾನು ದಿನಾ ತಟ್ಟುತ್ತಿದ್ದ ಜಾಗದಲ್ಲೇ ಹೊಳೆ ತಿರುಗಿದೆ. ತಿರುವಿನೊಳಗೆ ಎಳ್ಳಿನಷ್ಟು ಸೊನ್ನೆ. ನಾನು ಅದನ್ನು ಹಾಲಿನ ಕಲೆ ಎಂದುಕೊಂಡಿದ್ದೆ. ಸದ್ಯ ಅಂಚು ಗಟ್ಟಿಯಾಗಿಯೇ ಇದೆ.

ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಒಂದೇ ಮಾತು, "ಚಿಕ್ಕಂದಿನಲ್ಲಿ ಕುಂಟೆಬಿಲ್ಲೆಗೆ ಮನೆ ಬರೆದಾಗ್ಲೂ ಅವಳ ಗೆರೆ ಬಂದು ನನ್ನ ಕಾಲಿಗೇ ತಾಗ್ತಿತ್ತು" ಎಂದು ಹಿತ್ತಲಿಗೆ ಹೋದವಳು ಕತ್ತಲಾಗುವವರೆಗೆ ಒಳಗೆ ಬರಲಿಲ್ಲ. ಅದು ಸಿಟ್ಟೋ ಇನ್ನೇನೋ ತಿಳಿಯಲಿಲ್ಲ. ಕೇಳಲು ನನಗೂ ಧೈರ್ಯವಿಲ್ಲ.

ಅಂಗಿ ಒಂದೇ ಹೋದರೆ ಸಾಲದು. ಅದನ್ನು ಎಳೆದ ಕೈಯೂ ಬರಬೇಕು. ನೀವು ಬರಬೇಕು.

ಪುಟ್ಟಿ

*

ಮಾರ್ಚ್ 5

ಪುಟ್ಟೀ,

ಬರುತ್ತೇನೆ. ಕಿವಿ ಹೋಗಿದೆ, ಕೈ ಹೋಗಿಲ್ಲ. ಏಳನೇ ತಾರೀಖು ಸಂಜೆಯ ಬಸ್ಸಿಗೆ ಸಿಗುತ್ತೇನೆ. ಡಾಂಬರು ನಿಂತಲ್ಲಿಗೆ ಯಾರನ್ನೂ ಕಳಿಸಬೇಡ. ಆ ದಾರಿಯನ್ನು ನಾನು ನಡೆದೇ ಬರಬೇಕು.

ದೊಡ್ಡಮ್ಮ

*

ಮಾರ್ಚ್ 11

ದೊಡ್ಡಮ್ಮ,

ನನ್ನ ಪಕ್ಕದಲ್ಲೇ ಕೂತಿದ್ದಿರಿ, ಆದರೂ ನಿಮಗೇ ವಿಚಾರಣೆಯ ಕಥೆ ಬರೆಯುತ್ತಿದ್ದೇನೆ. ವಾಪಸು ಹೋಗುವಾಗ ಬಸ್ಸು ಹತ್ತುವವರೆಗೂ "ಅವರು ಏನಂದ್ರು, ನೀನೇನಂದೆ" ಎಂದು ಕೇಳುತ್ತಲೇ ಇದ್ದಿರಿ. ಆ ಗದ್ದಲದಲ್ಲಿ ಕೂಗಿ ಹೇಳಲು ಆಗಲಿಲ್ಲ. ಈಗ ಸಾವಧಾನವಾಗಿ ಓದಿ.

ಒಬ್ಬೊಬ್ಬರಿಗೆ ಮೂರು ನಿಮಿಷ. ಸಂಖ್ಯೆ 34 ಎಂದು ಕೂಗಿದಾಗ ನಾನು ಎದ್ದೆ. ಆದೇಶದ ಮಾತು ಓದಿದೆ, ನದಿಯೇ ಗಡಿ. ನಕ್ಷೆ ಅಧಿಕಾರಿ ಎದ್ದು, "ಆಗ ನದಿ ನೇರವಾಗಿತ್ತು, ಈಚೆಗೆ ಪಾತ್ರ ಸರಿದಿದೆ. ಆಗಿನ ನಕ್ಷೆಯೇ ಸಾಕ್ಷಿ" ಎಂದರು. ಸರಿಯಾಗಿ ಆಗಲೇ ನೀವು, ಯಾರು ಏನೆಂದರೆಂದು ಗೊತ್ತಿಲ್ಲದೆ, ಎದ್ದು ನಿಂತು ಸಭಾಂಗಣ ನಡುಗುವ ಹಾಗೆ ಕೂಗಿದಿರಿ:

"ನದಿ ಎಲ್ಲೂ ಹೋಗಿಲ್ಲ! ತಪ್ಪಿದ್ದು ನನ್ನ ಕೈ!"

ಎಲ್ಲರೂ ನಿಮ್ಮ ಕಡೆ ತಿರುಗಿದರು. ಅಧ್ಯಕ್ಷರು, ಆ ನರೆಗೂದಲಿನವರು, "ಈ ಅಜ್ಜಿ ಯಾರು?" ಎಂದರು. ನಾನು, "ಅಜ್ಜಿ ದಾಖಲೆ ಅಲ್ಲ ಅಂತ ನಿಮ್ಮ ಕಚೇರಿಯಲ್ಲಿ ಹೇಳಿದ್ರು ಸಾರ್. ಇವರು ನಿಮ್ಮ ನಕ್ಷೆ ಬರೆದವರು, ದಾಖಲೆ ಇಲ್ಲಿದೆ" ಎಂದು ಮಗುವಿನ ಮೈಯಿಂದ ಅಂಗಿ ಬಿಚ್ಚಿ ಮೇಜಿನ ಮೇಲೆ ಹರಡಿದೆ. ಹಿಂದೆ ಯಾರೋ ನಕ್ಕರು. ಕನ್ನಡಕದ ಗುಮಾಸ್ತ, "ಇಲ್ಲಿ ಬಟ್ಟೆ ಒಣಗಿಸೋ ಹಾಗಿಲ್ಲಮ್ಮ" ಎಂದ. ನಿಮಗೆ ಕೇಳಿಸದೇ ಇದ್ದದ್ದು ಒಳ್ಳೆಯದೇ ಆಯಿತು, ಕೇಳಿಸಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದಿರಿ.

ಕತ್ತರಿ ಕೇಳಿದೆ. ಅಧ್ಯಕ್ಷರೇ ತಮ್ಮ ಮೇಜಿನದನ್ನು ಕೊಟ್ಟರು. ನನಗೆ ಹೊಲಿಗೆಯ ತುದಿ ಸಿಗಲಿಲ್ಲ. ಹಿಂದೆ ಊರವರ ಜೊತೆ ಕೂತಿದ್ದ ಅಮ್ಮ ಬಂದು ಕತ್ತರಿ ಕಿತ್ತುಕೊಂಡು ಒಂದೊಂದೇ ಹೊಲಿಗೆ ಬಿಚ್ಚಿದಳು. ಮಡಿಕೆ ತೆರೆಯಿತು. ಒಳಗೆ ನಿನ್ನೆ ಬರೆದ ಹಾಗೆ ಕಪ್ಪಗೆ: ಹಾಳೆಯ ಸಂಖ್ಯೆ, ತಾರೀಖು, "ಪರಿಶೀಲಿಸಲಾಗಿದೆ", ಸಹಿ. ನಕ್ಷೆ ಅಧಿಕಾರಿ ತಮ್ಮ ಕಡತದ ಹಾಳೆಯನ್ನು ಪಕ್ಕಕ್ಕಿಟ್ಟು ನೋಡಿದರು. ಅದೇ ಸಂಖ್ಯೆ. ಅದೇ ಸಹಿ. ಎರಡೇ ದಿನ ಹಿಂದಿನ ತಾರೀಖು. ಆಮೇಲೆ ಯಾರೂ ನಗಲಿಲ್ಲ. ಅಧ್ಯಕ್ಷರು ಭೂತಗನ್ನಡಿ ತರಿಸಿ ಆ ಸೊನ್ನೆಯನ್ನು ಬಹಳ ಹೊತ್ತು ನೋಡಿದರು.

"ಇದನ್ನ ದಾಖಲೆಗೆ ಇಟ್ಕೋಬೇಕಾಗುತ್ತೆ" ಎಂದರು.

ಆಗ ನಾನು ಏನೆಂದೆ ಎಂದು ನೀವು ಎರಡು ಸಲ ಕೇಳಿದಿರಿ. ಹೀಗೆಂದೆ: "ಕೊಡಲ್ಲ ಸಾರ್. ನಿಮ್ಮ ಕಪಾಟಿನಲ್ಲಿದ್ದ ಹಾಳೆ ನಮ್ಮೂರನ್ನ ನುಂಗ್ತು, ನಮ್ಮ ಪೆಟ್ಟಿಗೆಯಲ್ಲಿದ್ದ ಅಂಗಿ ಉಳಿಸ್ತು. ಅಂಗಿ ನಮ್ಮಲ್ಲೇ ಇರ್ಲಿ. ನಕಲು ಬೇಕಾದ್ರೆ ತಗೊಳ್ಳಿ."

"ನಕಲು ತೆಗೆಯೋರು ಯಾರು?" ಎಂದು ಅವರು ತಮ್ಮವರ ಕಡೆ ನೋಡಿದರು. ಕಂಪ್ಯೂಟರಿನ ಮುಂದಿದ್ದ ಹುಡುಗಿ, "ಗೆರೆ ಮಾಸಿದೆ, ಸ್ಕ್ಯಾನಿಗೆ ಹಿಡಿಯಲ್ಲ ಸಾರ್" ಎಂದಳು. ನಾನು ನಿಮ್ಮ ತೋಳು ಮುಟ್ಟಿ ಅಂಗಿ ತೋರಿಸಿದೆ, ಅಷ್ಟೇ. ಮಿಕ್ಕದ್ದು ನಿಮಗೇ ಗೊತ್ತು. ಚೀಲದಿಂದ ಆ ಹಳೆಯ ಪೆನ್ನು ತೆಗೆದಿರಿ. ಇಡೀ ಸಭಾಂಗಣ ನಿಮ್ಮ ಜೊತೆ ಉಸಿರು ಬಿಗಿಹಿಡಿದಿತ್ತು, ನಿಮಗೆ ಗೊತ್ತಾಗಿರಲಿಕ್ಕಿಲ್ಲ. ಬರಿಮೈಯ ಮಗು ಕೂಡ ಅಳಲಿಲ್ಲ. ತಿರುವಿಗೆ ಬಂದಾಗ ನಿಮ್ಮ ಕೈ ಒಂದು ಕ್ಷಣ ನಿಂತಿತು, ಆಮೇಲೆ ಬಾಗಿತು. ಕೆಳಗೆ ನಿಮ್ಮ ಪೂರ್ತಿ ಹೆಸರು ಬರೆದಿರಿ. ಅಧ್ಯಕ್ಷರು ಪಕ್ಕದವರಿಗೆ ಪಿಸುಗುಟ್ಟಿದ್ದು ನನಗೆ ಕೇಳಿಸಿತು: "ಒಂದು ಹನಿಯೂ ಬೀಳಲಿಲ್ಲ ನೋಡ್ರಿ."

ಆದೇಶ ಜೂನಿನಲ್ಲಿ ಬರುತ್ತದಂತೆ. ಒಪ್ಪಲಿ ಬಿಡಲಿ, ಇನ್ನು ಮೇಲೆ ನದಿ ಸರಿದಿದೆ ಎಂದು ಹೇಳುವ ಧೈರ್ಯ ಯಾರಿಗೂ ಬರುವುದಿಲ್ಲ.

ಪುಟ್ಟಿ

*

ಮಾರ್ಚ್ 15

ಪುಟ್ಟೀ,

ಎರಡು ಸಲ ಓದಿದೆ. ಗುಮಾಸ್ತನ ಮಾತಿಗೆ ನಿಜವಾಗಿಯೂ ಕಪಾಳಕ್ಕೆ ಬಿಗಿಯುತ್ತಿದ್ದೆ.

ಒಂದು ಕೇಳಬೇಕು. ನನ್ನನ್ನು ಬಿಡಲು ಬಂದಾಗ ನಿಮ್ಮಮ್ಮ ಬಸ್ ನಿಲ್ದಾಣದ ಬೆಂಚಿನ ಮೇಲೆ ನನ್ನ ಕೈ ಹಿಡಿದುಕೊಂಡು ಏನೋ ಹೇಳಿದಳು. ಬಹಳ ಹೊತ್ತು ಹೇಳಿದಳು. ನಾನು ಕೇಳಿಸಿದವಳ ಹಾಗೆ ತಲೆ ಆಡಿಸಿದೆ. ಏನೆಂದಳು? ಏನಿದ್ದರೂ ಬರೆ.

ದೊಡ್ಡಮ್ಮ

*

ಜೂನ್ 22

ದೊಡ್ಡಮ್ಮ,

ಅಮ್ಮ ಏನೆಂದಳು ಎಂದು ಮೂರು ತಿಂಗಳು ಕೇಳಿದೆ, ಬಾಯಿ ಬಿಡಲಿಲ್ಲ. ಇವತ್ತು ಹೇಳಿದಳು, ಇವತ್ತೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಮೇಷ್ಟ್ರು ಆದೇಶದ ಪ್ರತಿ ತಂದರು. ಪಶ್ಚಿಮಕ್ಕೆ ನದಿಯೇ ಗಡಿ, ಅದರ ಎಲ್ಲ ತಿರುವುಗಳ ಸಮೇತ. ಮುಂದಿನ ಸಲ ಮತಗಟ್ಟೆ ನಮ್ಮ ಶಾಲೆಯ ಕೋಣೆಯಲ್ಲೇ. ಊರಿಗೆಲ್ಲ ಓದಿ ಹೇಳಿದೆ. ಎಲ್ಲರೂ ಕೂಗಾಡುತ್ತಿದ್ದರೆ ಅಮ್ಮ ಒಬ್ಬಳೇ ಮುಖ ಊದಿಸಿಕೊಂಡಿದ್ದಳು. ಏನೆಂದು ಕೇಳಿದೆ. "ಅವತ್ತು ಬಸ್ ನಿಲ್ದಾಣದಲ್ಲಿ ಅಕ್ಕನಿಗೆ ಇದನ್ನೇ ಹೇಳಿದ್ದು" ಎಂದಳು. "ಮತ ಹಾಕೋಕೆ ಅಂತ ದೋಣಿಯಲ್ಲಿ ಆಚೆ ಹೋಗಿ ಬರೋದು, ಅದೊಂದೇ ನನ್ನ ತಿರುಗಾಟ ಆಗಿತ್ತು. ಅದು ನೀನು ಕೊಟ್ಟಿದ್ದು ಅಂತ ಗೊತ್ತಿದ್ರೆ ಹೋದಾಗೆಲ್ಲ ನಿನಗೊಂದು ಕಾಗದ ಹಾಕ್ತಿದ್ದೆ. ಈಗ ಅದನ್ನೂ ಕಿತ್ಕೊಳ್ತಿದ್ದೀಯಲ್ಲ, ಎಂಥಾ ಅಕ್ಕ ನೀನು." ಹೀಗೆ ಹೇಳುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ನಗುತ್ತಲೂ ಇದ್ದಳು. ಅಷ್ಟೇ ದೊಡ್ಡಮ್ಮ. ಇಷ್ಟು ದಿನ ನೀವು ಹೆದರಿದ್ದು ಇದಕ್ಕೆ.

ಇನ್ನೊಂದಿದೆ. ಮಧ್ಯಾಹ್ನ ಮೇಷ್ಟ್ರು ಶಾಲೆಯಿಂದ ಓಡಿಬಂದರು. ಪೂರ್ವದ ಸಂಸದರ ಕಾರು ಡಾಂಬರು ನಿಂತಲ್ಲಿಗೆ ಬಂದು ನಿಂತು ಹಾರನ್ ಹೊಡೆಯುತ್ತಿದೆಯಂತೆ. ಹೊಸ ಮತದಾರರನ್ನು ಅಭಿನಂದಿಸಬೇಕಂತೆ, ಎಲ್ಲರೂ ಅಲ್ಲಿಗೆ ಬರಬೇಕಂತೆ. ಹಾರ ಅವರೇ ತಂದಿದ್ದಾರಂತೆ. ಒಂದಿಬ್ಬರು ಚಪ್ಪಲಿ ಹುಡುಕಿದರು. ನಾನು ಬಾಗಿಲಿಗೆ ಅಡ್ಡ ನಿಂತೆ. ದೋಣಿಯಣ್ಣನ ಕೈಯಲ್ಲಿ ಹೇಳಿ ಕಳಿಸಿದೆ: "ನಾವೀಗ ಈಚೆಯವರು. ನೀವೇ ಬನ್ನಿ. ಎರಡು ಸಾವಿರದ ಮುನ್ನೂರ ಹದಿನೇಳು ಮೀಟರು, ಅಳೆದಿದ್ದೇವೆ. ನಲವತ್ತೊಂದನೇ ಹಗ್ಗದ ಹತ್ತಿರ ಹುಷಾರು, ಅಲ್ಲಿ ಚಪ್ಪಲಿ ಉಳಿಯಲ್ಲ."

ಹಾರನ್ ನಿಂತು ಅರ್ಧ ಗಂಟೆಯಾಯಿತು. ಈಗ ಜಗುಲಿಯಿಂದ ನೋಡಿದರೆ ದೂರದಲ್ಲಿ ಒಂದು ಬಿಳಿ ಅಂಗಿ ಕಾಣುತ್ತಿದೆ. ಪ್ಯಾಂಟು ಮೊಣಕಾಲವರೆಗೆ ಮಡಚಿದೆ, ಬೂಟು ಕೈಯಲ್ಲಿದೆ. ಹಿಂದೆ ಇಬ್ಬರು ಛತ್ರಿ ಹಿಡಿದುಕೊಂಡು ಜಾರುತ್ತಾ ಬರುತ್ತಿದ್ದಾರೆ.

ಮುಕ್ಕಾಲು ದಾರಿ ಬಂದಿದ್ದಾರೆ. ಬರಲಿ. ನಾನು ಕರೆದುಕೊಂಡು ಬರಲು ಹೋಗುವುದಿಲ್ಲ. ಇವಳಿಗೆ ಆ ಅಂಗಿ ಈಗ ಬಿಗಿ, ತೋಳು ಕಷ್ಟಪಟ್ಟು ಏರುತ್ತದೆ. ಆದರೂ ಇವತ್ತು ಒಂದು ಗಂಟೆ ಅದನ್ನೇ ಹಾಕುತ್ತೇನೆ.

ಪುಟ್ಟಿ